ಗಣಿತದಲ್ಲಿ ಅನುವೃತ್ತಿ

ವಾಚಕರಲ್ಲಿ ಅನೇಕರ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವರು. ಅಂಕಪಟ್ಟಿ ಕೈಸೇರಿದ ದಿನ ಮನೆಯ ಗಾಳಿಯೇ ಬೇರೆಯಾಗುವುದೆಂಬುದನ್ನು ನಾನು ವಿವರಿಸಬೇಕಾದುದಿಲ್ಲ. ಕೆಲವು ತಿಂಗಳ ಕೆಳಗೆ ಅಂಥದೊಂದು ಪಟ್ಟಿಯನ್ನು ಹಿಡಿದು ನಮ್ಮ ಬೀದಿಯ ಗೃಹಸ್ಥರೊಬ್ಬರು ಸಾಯಂಕಾಲ ನಮ್ಮ ಜಗಲಿಗೆ ಬಂದರು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಅವರ ಮಗಳು ಹಿಂದೆ ತಲೆ ತಗ್ಗಿಸಿ ನಿಂತಿದ್ದಳು.

“ಮೇಷ್ಟ್ರೇ, ಮೊದಲ ವರ್ಷ ಕಲನಶಾಸ್ತ್ರದಲ್ಲಿ ನೂರಕ್ಕೆ ೯೨ ತೆಗೆದವಳು ಇವಳು. ಈಗ ರಿಯಲ್ ಅನಾಲಿಸಿಸ್ ಎಂಬುದರಲ್ಲಿ ೨೧! ಓದಲಿಲ್ಲವೆನ್ನೋಣವೆಂದರೆ ರಾತ್ರಿ ಹನ್ನೆರಡರವರೆಗೆ ಕೋಣೆಯ ದೀಪ ಆರುವುದಿಲ್ಲ. ಇವಳ ಬುದ್ಧಿಗೆ ಇದು ಎಟುಕದೆಂದೇ ತೋರುತ್ತದೆ. ಗಣಿತ ಬಿಡಿಸಿಬಿಡಲೆ? ಅಥವಾ ಇಷ್ಟಕ್ಕೇ ಓದು ಸಾಕೆಂದು...” ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧವು ನನಗೂ ತಿಳಿಯಿತು, ಹುಡುಗಿಗೂ ತಿಳಿಯಿತು.

ನಾನು ಒಡನೆಯೇ ಉತ್ತರ ಹೇಳಲಿಲ್ಲ. ಮೊದಲು ಸಂಸ್ಕೃತವನ್ನೋದಿ, ಆಮೇಲೆ ಜೀವನೋಪಾಯಕ್ಕೆಂದು ಗಣಿತದ ಪದವಿಯನ್ನೂ ಪಡೆದು, ಪ್ರೌಢಶಾಲೆಯಲ್ಲಿ ಎರಡನ್ನೂ ಬೋಧಿಸಿದವನು ನಾನು. ಇಂತಹ ಪ್ರಸಂಗಗಳಲ್ಲಿ ನನಗೆ ಗಣಿತಕ್ಕಿಂತ ಮೊದಲು ವ್ಯಾಕರಣವೇ ನೆನಪಾಗುವುದು, ವಾಚಕರು ಮನ್ನಿಸಬೇಕು.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು ನಾಲ್ಕು ಸಾವಿರ ಸೂತ್ರಗಳಿವೆ. ಹೆಚ್ಚಿನವು ಎರಡು ಮೂರು ಪದಗಳನ್ನು ಮೀರವು. ಹಿಂದಿನ ಸೂತ್ರದಲ್ಲಿ ಬಂದ ಪದವನ್ನು ಮುಂದಿನದರಲ್ಲಿ ಆಚಾರ್ಯನು ಮತ್ತೆ ಉಚ್ಚರಿಸುವುದಿಲ್ಲ. ಓದುವವನೇ ಅದನ್ನು ಎಳೆದು ತಂದುಕೊಳ್ಳಬೇಕು. ಇದಕ್ಕೆ ಅನುವೃತ್ತಿಯೆಂದು ಹೆಸರು. ಏ, ಓ, ಐ, ಔ ಎಂಬವು ಅಯ್, ಅವ್, ಆಯ್, ಆವ್ ಆಗುವುವೆಂದು ಸಂಧಿಪ್ರಕರಣದ ಒಂದು ಸೂತ್ರವು ವಿಧಿಸುತ್ತದೆ. ಯಾವಾಗ ಆಗುವುವೆಂಬುದು ಮಾತ್ರ ಅದರಲ್ಲಿಲ್ಲ. ಸ್ವರವು ಪರವಾದಾಗ ಎಂಬ ಮಾತು ಅದರ ಹಿಂದಿನ ಸೂತ್ರದಲ್ಲಿದೆ. ಹಿಂದಿನದನ್ನು ಬಿಟ್ಟು ಇದನ್ನಷ್ಟೇ ಕಂಠಪಾಠ ಮಾಡಿದವನಿಗೆ ಸೂತ್ರವು ಬಾಯಿಗೆ ಬಂದಿರುತ್ತದೆ, ಸಂಧಿ ಮಾಡಲು ಬಂದಿರುವುದಿಲ್ಲ.

ಕಾಲೇಜಿನ ಗಣಿತವೂ ಇದೇ ಜಾತಿಯದು. ಪ್ರತಿಯೊಂದು ಪತ್ರಿಕೆಗೂ ಬೇರೆ ಹೆಸರು, ಬೇರೆ ಪುಸ್ತಕ, ಬೇರೆ ಅಧ್ಯಾಪಕರು. ಆರು ಸೆಮಿಸ್ಟರುಗಳಲ್ಲಿ ಹಂಚಿಕೆಯಾದುದರಿಂದ ನೋಡುವವರಿಗೆ ಅವು ಅಂಗಡಿಯಲ್ಲಿ ಸಾಲಾಗಿಟ್ಟ ಬೇರೆಬೇರೆ ಡಬ್ಬಿಗಳಂತೆ ಕಾಣುವುವು. ಒಳಗೆ ಹಾಗಿಲ್ಲ. ಮೂರನೆಯ ವರ್ಷದ ಪುಸ್ತಕವು ಹೇಳದೆ ಬಿಟ್ಟ ಮಾತು ಮೊದಲ ವರ್ಷದಲ್ಲಿರುವುದು, ಕೆಲವೊಮ್ಮೆ ಹತ್ತನೆಯ ತರಗತಿಯಲ್ಲಿಯೇ ಇರುವುದು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದಾಗ ಮೊದಲು ಸಂಜ್ಞೆಗಳು, ಅನಂತರ ಪರಿಕರ್ಮಗಳು, ಭಿನ್ನರಾಶಿ, ತ್ರೈರಾಶಿಕ, ಕ್ಷೇತ್ರಗಣಿತ ಎಂದು ಅಡಕಿಟ್ಟು, ಕಡೆಗೆ ನೆರಳಿನ ಲೆಕ್ಕಕ್ಕೆ ಬಂದನು. ತ್ರೈರಾಶಿಕವನ್ನರಿಯದವನು ನೆರಳಿನಿಂದ ಕಂಬದ ಎತ್ತರವನ್ನು ಹೇಳಲಾರನಷ್ಟೆ.

ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು. ಹಜಾರದ ಉಯ್ಯಾಲೆಯನ್ನು ಮೆಲ್ಲಗೆ ತೂಗಿರಿ. ಅದರ ಚಲನೆಯನ್ನು ಕಲನಶಾಸ್ತ್ರದ ನೆರವಿನಿಂದ ಒಂದು ಸಮೀಕರಣದಲ್ಲಿ ಬರೆಯಬಹುದು. ವಿದ್ಯಾರ್ಥಿಯು ಮೊದಲ ವರ್ಷದಲ್ಲೋ ಎರಡನೆಯದರಲ್ಲೋ ಅದನ್ನು ಬಿಡಿಸುವನು. ಉಯ್ಯಾಲೆಯನ್ನು ಹಿಂದಕ್ಕೆಳೆದು ಸುಮ್ಮನೆ ಬಿಟ್ಟರೆ ಒಂದು ಬಗೆಯ ಚಲನೆ. ನಡುವೆ ನಿಂತುದನ್ನು ಕೈಯಿಂದ ನೂಕಿದರೆ ಇನ್ನೊಂದು ಬಗೆ. ತೂಗು ಅಲ್ಪವಾಗಿರುವವರೆಗೆ ಆ ಉಯ್ಯಾಲೆಯ ಬೇರೆ ಯಾವ ಚಲನೆಯನ್ನು ತೆಗೆದುಕೊಂಡರೂ ಅದು ಈ ಎರಡರ ಬೆರಕೆಯೇ: ಇದರಲ್ಲಿ ಇಷ್ಟು, ಅದರಲ್ಲಿ ಅಷ್ಟು. ಮೂರನೆಯದು ಬೇಡ, ಒಂದೇ ಸಾಲದು. ಸರಿಯಾಗಿ ಎರಡೇ ಏಕೆ? ಕಲನಶಾಸ್ತ್ರದ ತರಗತಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ಉತ್ತರವಿಲ್ಲ. ಸೂತ್ರವನ್ನು ಬರೆದುಕೊಳ್ಳಿರೆಂದು ಹೇಳುವರು. ಮುಂದೆ ಲೀನಿಯರ್ ಆಲ್ಜಿಬ್ರಾ ಎಂಬ ಪತ್ರಿಕೆಯಲ್ಲಿ ಆಯಾಮವೆಂಬುದರ ಪರಿಚಯವಾದಾಗ, ಕಾಗದದ ಮೇಲಿನ ಯಾವ ಸ್ಥಳವನ್ನಾದರೂ ಉದ್ದ ಅಗಲಗಳೆರಡರಿಂದ ಗುರುತಿಸುವಂತೆಯೇ ಉಯ್ಯಾಲೆಯ ಚಲನೆಗಳನ್ನೂ ಎರಡರಿಂದ ಗುರುತಿಸಬಹುದೆಂದು ಗೊತ್ತಾಗುವುದು. ಹೀಗೆ ಮುಂದಿನ ಪಾಠವು ಹಿಂದಿನದರ ಮೇಲೆ ನಿಲ್ಲುವುದಲ್ಲದೆ ಹಿಂದಿರುಗಿ ಅದಕ್ಕೆ ಬೆಳಕನ್ನೂ ಹಿಡಿಯುವುದು. ಆಲದ ಬಿಳಲು ಮೇಲಿನಿಂದಿಳಿದು ಮರವನ್ನೇ ಹೊರುವುದಿಲ್ಲವೆ?

ಇನ್ನು ನಮ್ಮ ಹುಡುಗಿಯ ಅನಾಲಿಸಿಸ್. ಲೆಕ್ಕ ಮಾಡುವ ಕ್ರಮವು ಮೊದಲು ಬಂದಿತು, ಅದರ ಆಧಾರವು ಬಹಳ ತಡವಾಗಿ ಬಂದಿತು; ಇದು ಚರಿತ್ರೆ. ಲೈಬ್ನಿಟ್ಸನು ಕಲನಶಾಸ್ತ್ರದ ತನ್ನ ಲೇಖನವನ್ನು ಅಚ್ಚು ಮಾಡಿಸಿದುದು ೧೬೮೪ರಲ್ಲಿ. ‘ಹತ್ತಿರ ಹತ್ತಿರಕ್ಕೆ ಹೋಗುವುದು’ ಎಂದರೇನೆಂಬುದನ್ನು ಫ್ರಾನ್ಸಿನ ಕೋಶಿಯು ಕ್ರಮವಾಗಿ ನಿರೂಪಿಸಹೊರಟುದು ೧೮೨೧ರಲ್ಲಿ. ಜರ್ಮನಿಯ ಡೆಡೆಕಿಂಡನು ೧೮೫೮ರಲ್ಲಿ ಜ್ಯೂರಿಚ್ ನಗರದಲ್ಲಿ ಇದೇ ಕಲನಶಾಸ್ತ್ರವನ್ನು ಬೋಧಿಸುತ್ತಿದ್ದಾಗ, ತಾನು ಹೇಳುತ್ತಿರುವ ಪಾಠಕ್ಕೆ ಅಡಿಪಾಯವಿಲ್ಲವೆಂದು ಕಳವಳಗೊಂಡು, ಸಂಖ್ಯೆಯೆಂದರೇನೆಂಬ ಪ್ರಶ್ನೆಗೇ ಇಳಿದು, ತನ್ನ ಉತ್ತರವನ್ನು ೧೮೭೨ರಲ್ಲಿ ಪ್ರಕಟಿಸಿದನು. ಚಾವಣಿಯಾಗಿ ಸುಮಾರು ಇನ್ನೂರು ವರ್ಷಗಳಾದ ಮೇಲೆ ತಳಪಾಯ! ಕಾಲೇಜಿನಲ್ಲಿಯೂ ಇದೇ ಕ್ರಮವೇ ಉಳಿದಿದೆ. ಮೊದಲ ವರ್ಷ ಲೆಕ್ಕ ಮಾಡಿದರೆ ಸಾಕು. ಎರಡನೆಯ ವರ್ಷ ಅದೇ ಲೆಕ್ಕವು ಏಕೆ ಸರಿಯೆಂದು ಸಾಧಿಸಬೇಕು. ಮೊದಲನೆಯದರಲ್ಲಿ ೯೨ ಪಡೆದ ಮಾತ್ರಕ್ಕೆ ಎರಡನೆಯದು ಸುಲಭವಾಗುವುದೆಂದು ಎಣಿಸಲಾಗದು.

ಆದರೂ ೨೧ ಎಂಬುದು ಹೆಚ್ಚಿನ ಕುಸಿತವೇ. ಎಲ್ಲಿ ಬಿರುಕಿದೆಯೆಂದು ನೋಡಬೇಕೆನ್ನಿಸಿತು. ಹುಡುಗಿಯನ್ನು ಕುಳ್ಳಿರಿಸಿ, “ಒಂದು, ಅದರ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು, ಹೀಗೆ ನಡೆಯುವ ಅನುಕ್ರಮವು ಎಲ್ಲಿಗೆ ಸಮೀಪಿಸುವುದಮ್ಮಾ?” ಎಂದು ಕೇಳಿದೆನು. “ಸೊನ್ನೆಗೆ” ಎಂದಳು. “ಸೊನ್ನೆಯಿಂದ ನೂರನೆಯ ಒಂದಕ್ಕಿಂತಲೂ ಕಡಿಮೆ ಅಂತರ ಬೇಕಾದರೆ?” “೧೦೧ನೆಯ ಪದದಿಂದಾಚೆಗೆ.” “ಸಾವಿರದ ಒಂದಕ್ಕಿಂತ?” “೧೦೦೧.” ಉತ್ತರದಲ್ಲಿ ತಡವರಿಕೆಯೇ ಇರಲಿಲ್ಲ. ಈ ಬುದ್ಧಿಗೆ ಎಟುಕದೆಂದವರಾರು?

ಆಮೇಲೆ ಒಂದು ಕಾಗದದಲ್ಲಿ x ಎಂಬುದರಿಂದ ೩ನ್ನು ಕಳೆದು, ಎರಡು ಕಡೆಗೂ ನಿಲುಗೀಟೆಳೆದು, ಅದು ೨ಕ್ಕಿಂತ ಕಡಿಮೆಯೆಂದು ಬರೆದು, “ಇದರ ಅರ್ಥವೇನು?” ಎಂದೆನು. ಆಕೆ ಸರಸರನೆ ಧನದ ಪಕ್ಷವೊಂದು, ಋಣದ ಪಕ್ಷವೊಂದು ಎಂದು ಬರೆಯಲಾರಂಭಿಸಿದಳು. “ಬರೆಯಬೇಡ, ಹೇಳು” ಎಂದೆನು. ಸುಮ್ಮನಾದಳು. ಆ ಸಂಖ್ಯೆಗೂ ೩ಕ್ಕೂ ನಡುವಣ ದೂರವು ೨ಕ್ಕಿಂತ ಕಡಿಮೆ, ಆದ್ದರಿಂದ ಅದು ೧ಕ್ಕೂ ೫ಕ್ಕೂ ಮಧ್ಯೆ ಎಲ್ಲಿಯೋ ಇದೆ, ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಪಿ.ಯು. ತರಗತಿಯಲ್ಲಿ ಅಸಮಾನತೆಗಳ ಪಾಠವು ಒಂದು ವಾರದಲ್ಲಿ ಮುಗಿದಿತ್ತಂತೆ. ಪ್ರವೇಶಪರೀಕ್ಷೆಗೆ ಬೇಕಾದ ಗೀಟು ತೆಗೆಯುವ ಯುಕ್ತಿಯಷ್ಟೇ ಸಿಕ್ಕಿತ್ತು.

ಈ ‘ದೂರ’ ಎಂಬ ಒಂದು ಮಾತಿನ ಅನುವೃತ್ತಿಯನ್ನು ನೋಡಿರಿ. ಯೂಕ್ಲಿಡನ ರೇಖಾಗಣಿತದಲ್ಲಿ ತ್ರಿಕೋಣದ ಎರಡು ಭುಜಗಳು ಕೂಡಿ ಮೂರನೆಯದಕ್ಕಿಂತ ದೊಡ್ಡದೆಂಬುದು ಸಾಧಿಸಿ ತೋರಿಸಿದ ಪ್ರಮೇಯ. ಪಿ.ಯು.ನಲ್ಲಿ ಅದು ನಿಲುಗೀಟಿನ ವೇಷದಲ್ಲಿ ಬರುವುದು. ಅನಾಲಿಸಿಸಿನಲ್ಲಿ, ನೀನು ಎಷ್ಟೇ ಕಿರಿದಾದ ದೂರವನ್ನು ಹೇಳು, ಅದಕ್ಕೆ ತಕ್ಕ ಒಂದು ಸ್ಥಾನವನ್ನು ನಾನು ತೋರಿಸುವೆನು, ಅಲ್ಲಿಂದಾಚೆಯ ಪದಗಳೆಲ್ಲ ಆ ದೂರದೊಳಗೇ ಇರುವುವು, ಎಂಬ ಪಂಥವಾಗುವುದು. ಫ್ರೆಶೆ ಎಂಬಾತನು ೧೯೦೬ರಲ್ಲಿ ತೋರಿಸಿದ ಮಾರ್ಗದಲ್ಲಿ ಮೆಟ್ರಿಕ್ ಸ್ಪೇಸ್ ಎಂಬ ಮುಂದಿನ ಪಾಠಕ್ಕೆ ಬಂದಾಗ, ಭುಜಗಳ ಆ ಹಳೆಯ ಪ್ರಮೇಯವೇ ದೂರದ ಲಕ್ಷಣವಾಗಿ ಕುಳಿತುಕೊಳ್ಳುವುದು. ಪಿ.ಯು.ನಲ್ಲಿ ಈ ಎಳೆ ಕಡಿದವರಿಗೆ ಇದೆಲ್ಲವೂ ಬರಿಯ ಅಕ್ಷರಜಾಲ.

ಇನ್ನೊಂದು ತೊಡಕೂ ಇತ್ತು. ‘ಪ್ರತಿ ಮನೆಗೂ ಒಂದು ಬೀಗದ ಕೈ ಉಂಟು’ ಎಂಬುದಕ್ಕೂ ‘ಒಂದು ಬೀಗದ ಕೈ ಉಂಟು, ಅದು ಎಲ್ಲ ಮನೆಗಳಿಗೂ ಸಲ್ಲುವುದು’ ಎಂಬುದಕ್ಕೂ ಎಷ್ಟು ವ್ಯತ್ಯಾಸ! ಅನಾಲಿಸಿಸಿನಲ್ಲಿ ಈ ಎರಡು ವಾಕ್ಯಗಳೂ ಬರುವುವು. ಪದಗಳು ಅವೇ, ಕ್ರಮ ಮಾತ್ರ ಹಿಂದುಮುಂದು. ಹುಡುಗಿಯು ಒಂದನ್ನು ಇನ್ನೊಂದೆಂದು ಬರೆದು ಎರಡು ಪ್ರಶ್ನೆಗಳ ಅಂಕವನ್ನು ಕಳೆದುಕೊಂಡಿದ್ದಳು. ನಾನು ನಕ್ಕು, ಇಲ್ಲಿ ಎಡವಿದವರಲ್ಲಿ ಕೋಶಿಯೂ ಒಬ್ಬನೆಂದು ಹೇಳಿದೆನು. ಕಡಿಯದ ರೇಖೆಗಳನ್ನು ಒಂದಾದ ಮೇಲೊಂದು ಅನಂತವಾಗಿ ಕೂಡಿದಾಗ ಮೊತ್ತವೊಂದು ಸಿಕ್ಕುವುದಾದರೆ ಅದೂ ಕಡಿಯದ ರೇಖೆಯೇ ಎಂದು ಆತನು ೧೮೨೧ರಲ್ಲಿ ಬರೆದನು. ಅದಕ್ಕೆ ಅಪವಾದವುಂಟೆಂದು ೧೮೨೬ರಲ್ಲಿ ತೋರಿಸಿದವನು ನಾರ್ವೆಯ ಆಬೆಲ್ ಎಂಬ ತರುಣ. ದೋಷವು ಈ ಬೀಗದ ಕೈಯಲ್ಲಿಯೇ ಇತ್ತು. ಹುಡುಗಿಯ ಮುಖದಲ್ಲಿ ಅಂದು ಮೊದಲ ಬಾರಿಗೆ ನಗೆ ಕಂಡಿತು.

ಆಗ ನಾನು ತಂದೆಗೆ ಹೇಳಿದುದು ಇಷ್ಟು: “ರಾಯರೇ, ಇವಳು ಬಿದ್ದುದು ನಾಲ್ಕನೆಯ ಮೆಟ್ಟಿಲಲ್ಲಿ; ಮುರಿದಿರುವುದು ಎರಡನೆಯ ಮೆಟ್ಟಿಲು. ಏಣಿಯನ್ನು ದೂಡುವುದಕ್ಕೆ ಮುಂಚೆ ಅದನ್ನು ರಿಪೇರಿ ಮಾಡಿಸೋಣ, ಎರಡು ತಿಂಗಳು ಕೊಡಿ.” ಅವರು ಒಪ್ಪಿದರು. ಪೂರ್ಣ ಮನಸ್ಸಿನಿಂದಲ್ಲ.

ಒಂದು ವಿಷಯವನ್ನು ಅವರ ಮುಂದೆ ಹೇಳಲು ನಾಚಿದೆನು, ಇಲ್ಲಿ ಹೇಳಿಬಿಡುವೆನು. ಗ್ರೂಪ್ ಥಿಯರಿ ಎಂಬ ಪತ್ರಿಕೆಗೆ ಹಿಂದಿನ ಪಾಠ ಯಾವುದೂ ಬೇಡವೆಂದು ಪುಸ್ತಕಗಳಲ್ಲಿ ಬರೆದಿರುವುದುಂಟು. ಅಕ್ಷರಶಃ ಅದು ನಿಜ. ಸಂಕಲನ ಗುಣಾಕಾರ ಬಲ್ಲವರಿಗೆ ಅದರ ನಿಯಮಗಳು ಅರ್ಥವಾಗುವುವು. ಆದರೆ ಒಂದು ಮಾತಿನಿಂದ ಇನ್ನೊಂದನ್ನು ಸಾಧಿಸುವ ಅಭ್ಯಾಸವೆಂಬ ಹೆಸರಿಲ್ಲದ ಪಾಠವೊಂದು ಅದಕ್ಕೆ ಬೇಕು. ಅದನ್ನು ಯಾವ ವೇಳಾಪಟ್ಟಿಯಲ್ಲಿಯೂ ಬರೆಯುವುದಿಲ್ಲ. ಅದು ನನಗಿರಲಿಲ್ಲ. ನಾನು ಸಾಧನೆಗಳನ್ನೆಲ್ಲ ಅಮರಕೋಶದಂತೆ ಬಾಯಿಪಾಠ ಮಾಡಿ ತೇರ್ಗಡೆಯಾದವನು. ತರಗತಿಯಲ್ಲಿ ನಿಂತು ಬೋಧಿಸತೊಡಗಿದ ಮೇಲೆ, ಹುಡುಗರು ‘ಏಕೆ?’ ಎಂದು ಕೇಳಿದಾಗಲೆಲ್ಲ, ಆ ಸಾಲವನ್ನು ಬಡ್ಡಿಸಮೇತ ತೀರಿಸಬೇಕಾಯಿತು.

ಆ ಎರಡು ತಿಂಗಳು ಹುಡುಗಿಯು ವಾರಕ್ಕೆ ಮೂರು ದಿನ ಬಂದಳು. ಮೊದಲ ಮೂರು ವಾರ ಅನಾಲಿಸಿಸಿನ ಪುಸ್ತಕವನ್ನು ತೆರೆಯಲೇ ಇಲ್ಲ. ಹನ್ನೊಂದನೆಯ ತರಗತಿಯ ಪುಸ್ತಕವನ್ನು ಹಿಡಿದು ಕುಳಿತೆವು. ತಾಯಿಗೆ ಇದು ಸರಿಬೀಳಲಿಲ್ಲ, “ಹಿಂದಕ್ಕೆ ಓದಿಸುತ್ತಿದ್ದೀರಲ್ಲಾ ಮೇಷ್ಟ್ರೇ” ಎಂದರು. ಹೌದು, ಹಿಂದಕ್ಕೇ ಎಂದೆನು. ಮರುಪರೀಕ್ಷೆಯು ಹೋದ ವಾರ ಮುಗಿಯಿತು, ಫಲವಿನ್ನೂ ಬಂದಿಲ್ಲ. ನಿನ್ನೆ ಆಕೆ ಬಂದು, ಕಾಂಪ್ಲೆಕ್ಸ್ ಅನಾಲಿಸಿಸಿನಲ್ಲಿಯೂ ಆ ನಿಲುಗೀಟಿಗೆ ದೂರವೆಂದೇ ಅರ್ಥವೆ, ಹಾಗಾದರೆ ‘೨ಕ್ಕಿಂತ ಕಡಿಮೆ’ ಎಂಬುದು ಅಲ್ಲಿ ಗೆರೆಯ ತುಂಡಾಗದೆ ವೃತ್ತದ ಒಳಭಾಗವಾಗಬೇಕಲ್ಲವೆ, ಎಂದು ಕೇಳಿದಳು. ಆ ಪುಸ್ತಕವನ್ನು ಆಕೆಗೆ ಇನ್ನೂ ಯಾರೂ ಪಾಠ ಹೇಳಿಲ್ಲ. ಒಳಗಿನಿಂದ ಕಾಫಿ ತರಿಸಿ, ಇಬ್ಬರೂ ಕುಳಿತು ವೃತ್ತವನ್ನು ಬರೆದೆವು.