ಸಂಸಾರವಂದಿಗ ಕಾರ್ಟರ್

ದೊಡ್ಡವರು ತೀರಿಕೊಂಡಾಗ ನಾವು ಆಡುವ ಮಾತುಗಳಲ್ಲಿ ಎರಡು ಬಗೆ. ಸಾರ್ವಜನಿಕ ಜೀವನದವರಾದರೆ, ‘ನಾಡಿಗಾಗಿ ಮನೆಮಠಗಳನ್ನೇ ಮರೆತರು’ ಎನ್ನುತ್ತೇವೆ. ಸಾಮಾನ್ಯರಾದರೆ, ‘ಪಾಪ, ಒಳ್ಳೆಯ ಸಂಸಾರವಂದಿಗರು’ ಎಂದು ಮುಗಿಸುತ್ತೇವೆ. ಮೊದಲನೆಯದು ಬಿರುದು, ಎರಡನೆಯದು ಬೇರೇನೂ ತೋಚದಾಗ ಆಡುವ ಉಪಚಾರ. ಈ ವಿಂಗಡಣೆಯೇ ಸರಿಯಲ್ಲವೆಂದು ನನಗೆ ತೋರುತ್ತದೆ. 2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ ತೀರಿಕೊಂಡ ಜಿಮ್ಮಿ ಕಾರ್ಟರರ ಜೀವನವನ್ನು ಓದಿದಾಗಿನಿಂದ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ. ಲೋಕವು ಅವರನ್ನು ಅಮೆರಿಕದ ಮಾಜಿ ಅಧ್ಯಕ್ಷರೆಂದು ನೆನೆಯಿತು. ನಾನಿಲ್ಲಿ ನೆನೆಯಬಯಸುವುದು ನೌಕಾದಳದ ಅಧಿಕಾರಿಯಾಗಿದ್ದು, ಅದನ್ನು ಬಿಟ್ಟು ಮನೆಗೆ ಮರಳಿದ ಮನುಷ್ಯನನ್ನು.

ಕಾರ್ಟರರು ಜಾರ್ಜಿಯಾದ ಪ್ಲೇನ್ಸ್ ಎಂಬ ಪುಟ್ಟ ಊರಿನವರು. ಕಡಲೆಕಾಯಿ ಬೆಳೆಯುವ ಮನೆತನ. 1946ರಲ್ಲಿ ಅನಾಪೊಲಿಸ್ಸಿನ ನೌಕಾ ವಿದ್ಯಾಲಯದಿಂದ ಹೊರಬಿದ್ದವರೇ ಅದೇ ಜುಲೈ 7ರಂದು ತಮ್ಮ ಊರಿನ ರೋಸಲಿನ್ ಸ್ಮಿತ್ ಅವರನ್ನು ಮದುವೆಯಾದರು. ವಧುವಿಗೆ ಆಗ ಹದಿನೆಂಟು. ಹದಿಮೂರನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡು, ತಾಯಿಯ ಹೊಲಿಗೆ ಕೆಲಸದಲ್ಲೂ ತಮ್ಮಂದಿರ ಆರೈಕೆಯಲ್ಲೂ ಬೆಳೆದ ಆಕೆಗೆ ನೌಕಾದಳವೆಂದರೆ ಊರಿನ ಇಕ್ಕಟ್ಟಿನಿಂದ ಬಿಡುಗಡೆ. ಗಂಡ ವಾರಗಟ್ಟಲೆ ಕಡಲಿನಲ್ಲಿ. ಮನೆಯ ಯಜಮಾನಿಕೆ ಪೂರ್ತಿ ಆಕೆಯದೇ. ಮೂವರು ಗಂಡುಮಕ್ಕಳು ಹುಟ್ಟಿದ್ದು ವರ್ಜೀನಿಯಾ, ಹವಾಯಿ, ಕನೆಕ್ಟಿಕಟ್ ಎಂಬ ಮೂರು ಬೇರೆ ಬೇರೆ ಕಡೆಗಳಲ್ಲಿ.

ಕಾರ್ಟರರು ಜಲಾಂತರ್ಗಾಮಿಗಳ ವಿಭಾಗವನ್ನು ಸೇರಿ, ಬಳಿಕ ರಿಕೋವರರ ಕೈಕೆಳಗೆ ಪರಮಾಣು ನೌಕೆಗಳ ಕಾರ್ಯಕ್ಕೆ ಆಯ್ಕೆಯಾದರು. 1952ರ ಡಿಸೆಂಬರಿನಲ್ಲಿ ಕೆನಡಾದ ಚಾಕ್ ರಿವರ್ ಎಂಬಲ್ಲಿ ರಿಯಾಕ್ಟರೊಂದು ಕೆಟ್ಟಾಗ, ಅದನ್ನು ಬಿಚ್ಚುವ ಕೆಲಸಕ್ಕೆ ಇಪ್ಪತ್ತೆಂಟು ವರ್ಷದ ಈ ಅಧಿಕಾರಿಯ ತಂಡವೂ ಹೋಯಿತು. ಟೆನಿಸ್ ಅಂಗಳದಲ್ಲಿ ಅದರ ಪಡಿಯಚ್ಚನ್ನು ನಿಲ್ಲಿಸಿ, ಯಾವ ತಿರುಪನ್ನು ಯಾರು ತೆಗೆಯಬೇಕೆಂದು ಅಭ್ಯಾಸ ಮಾಡಿದರು. ಒಬ್ಬೊಬ್ಬರು ಒಳಗಿರಬಹುದಾಗಿದ್ದುದು ಸುಮಾರು ತೊಂಬತ್ತು ಸೆಕೆಂಡು. ಆಮೇಲೆ ಆರು ತಿಂಗಳವರೆಗೆ ತಮ್ಮ ಮೂತ್ರದಲ್ಲಿ ವಿಕಿರಣದ ಅಂಶವಿತ್ತೆಂದು ಕಾರ್ಟರರೇ ಹೇಳಿದ್ದಾರೆ. ಪ್ರಾಣವನ್ನು ಕೈಯಲ್ಲಿ ಹಿಡಿದು ದುಡಿದ ಇಂಥವನ ಮುಂದಿನ ದಾರಿ ಹಸನಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

1953ರಲ್ಲಿ ತಂದೆ ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮಗ ಹಾಸಿಗೆಯ ಪಕ್ಕದಲ್ಲಿದ್ದರು. ಸಾಲ ಪಡೆದವರು, ಸಹಾಯ ಪಡೆದವರು ಒಬ್ಬೊಬ್ಬರಾಗಿ ಬಂದು ನೋಡಿಕೊಂಡು ಹೋಗುವುದನ್ನು ಕಂಡು ಅವರ ಮನಸ್ಸು ಕದಲಿತು. ನೌಕಾದಳಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಮರಳುವುದೆಂದು ತೀರ್ಮಾನಿಸಿದರು.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಯಾವ ಭಾಷಣಕಾರರಿಗಾದರೂ ಒಪ್ಪುವ ಕಥೆ: ತಂದೆಗೆ ತಕ್ಕ ಮಗ, ಅಧಿಕಾರವನ್ನು ತೊರೆದು ಮನೆಯ ನೊಗಕ್ಕೆ ಹೆಗಲು ಕೊಟ್ಟ. ಆದರೆ ಆ ತೀರ್ಮಾನವನ್ನು ಮಾಡುವಾಗ ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ! ಆಕೆ ಅತ್ತರು, ಜಗಳವಾಡಿದರು. ಊರಿಗೆ ಹೋಗುವ ಕಾರಿನಲ್ಲಿ ಗಂಡನೊಡನೆ ಮಾತು ಬಿಟ್ಟು, ಏನಾದರೂ ಹೇಳಬೇಕಾದರೆ ಹಿರಿಯ ಮಗನ ಮೂಲಕ ಹೇಳಿಸಿದರು. ಸಾಲದುದಕ್ಕೆ ಮೊದಲ ವರ್ಷವೇ ಅನಾವೃಷ್ಟಿ. ಸಂಸಾರ ಸರ್ಕಾರಿ ಬಾಡಿಗೆಮನೆಯಲ್ಲಿ. ಒಂಬತ್ತು ವರ್ಷಗಳ ಮೇಲೂ ಬುದ್ಧಿ ಬಂದಿರಲಿಲ್ಲ. 1962ರಲ್ಲಿ, ತಮ್ಮ ಹುಟ್ಟಿದ ದಿನದ ಬೆಳಿಗ್ಗೆ, ಕಾರ್ಟರರು ಭಾನುವಾರದ ಉಡುಪು ತೊಡುತ್ತಿದ್ದುದನ್ನು ಕಂಡು ‘ಯಾರಾದರೂ ತೀರಿಕೊಂಡರೇ?’ ಎಂಬಂತೆ ಆಕೆ ವಿಚಾರಿಸಿದಾಗಲೇ, ಇವರು ಜಾರ್ಜಿಯಾದ ಸೆನೆಟ್ಟಿಗೆ ಉಮೇದುವಾರರಾಗಿ ನಿಲ್ಲಲು ಹೊರಟಿದ್ದಾರೆಂಬುದು ಮನೆಗೆ ತಿಳಿದದ್ದು.

ಮನೆಯವರಿಗಾಗಿ ಪ್ರಾಣ ಕೊಡಬಲ್ಲೆನೆನ್ನುವ ಗಂಡಸರು ನಮ್ಮ ಊರುಗಳಲ್ಲೂ ಬೇಕಾದಷ್ಟಿದ್ದಾರೆ. ಎತ್ತು ಮಾರುವಾಗ, ಜಮೀನು ಅಡವಿಡುವಾಗ, ಮಗಳಿಗೆ ಗಂಡು ಗೊತ್ತುಮಾಡುವಾಗ ಹೆಂಡತಿಯನ್ನು ಕೇಳುವವರೆಷ್ಟು ಮಂದಿ? ಆದುದರಿಂದ 1953ರ ಕಾರ್ಟರರನ್ನು ಒಳ್ಳೆಯ ಮಗನೆಂದು ಕರೆಯಲು ಅಡ್ಡಿಯಿಲ್ಲ; ಸಂಸಾರವಂದಿಗನೆಂಬ ಹೆಸರನ್ನು ನಾನು ಆಗಲೇ ಕೊಡಲಾರೆ.

ಆ ಹೆಸರನ್ನು ಅವರು ನಿಧಾನವಾಗಿ ಗಳಿಸಿಕೊಂಡರು. ಮಂಡಿಯ ಲೆಕ್ಕಪತ್ರಗಳನ್ನು ರೋಸಲಿನ್ ವಹಿಸಿಕೊಂಡರು. ಯಾವುದರಲ್ಲಿ ಲಾಭ, ಯಾವುದರಲ್ಲಿ ನಷ್ಟವೆಂಬುದು ಗಂಡನಿಗಿಂತ ಚೆನ್ನಾಗಿ ಆಕೆಗೆ ತಿಳಿಯಿತು; ಗಂಡ ಕೇಳಲೇಬೇಕಾಯಿತು. ಅಧ್ಯಕ್ಷರಾದ ಮೇಲೆ ಆಕೆ ಮಂತ್ರಿಮಂಡಲದ ಸಭೆಗಳಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಪತ್ರಿಕೆಗಳು ಆಕ್ಷೇಪಿಸಿದರೂ ಬಿಡಲಿಲ್ಲ. 1977ರಲ್ಲಿ ಲ್ಯಾಟಿನ್ ಅಮೆರಿಕದ ಏಳು ದೇಶಗಳಿಗೆ ಗಂಡನ ಪ್ರತಿನಿಧಿಯಾಗಿ ಹೋಗಿ ಬಂದರು. ಇಷ್ಟಾದರೂ, ಇಬ್ಬರೂ ಸೇರಿ 1987ರಲ್ಲಿ ಪ್ರಕಟಿಸಿದ ಒಂದು ಪುಸ್ತಕ ಆ ದಾಂಪತ್ಯವನ್ನೇ ಮುರಿಯುವಷ್ಟಕ್ಕೆ ಬಂದಿತ್ತಂತೆ! ಒಂದೇ ಘಟನೆ ಇಬ್ಬರ ನೆನಪಿನಲ್ಲೂ ಬೇರೆ ಬೇರೆ. ಕೊನೆಗೆ ಯಾವ ಭಾಗ ಯಾರದೆಂದು ಹೆಸರಿನ ಮೊದಲಕ್ಷರ ಹಾಕಿ ಅಚ್ಚುಮಾಡಿದರು. ಹೊಂದಾಣಿಕೆಯೆಂದರೆ ಒಬ್ಬರ ನೆನಪನ್ನು ಅಳಿಸುವುದೆಂದೇ ತಿಳಿದ ನಮಗೆ ಈ ಉಪಾಯ ಹೊಳೆಯುವುದು ಕಷ್ಟ.

ಇಲ್ಲಿ ಗೆಳೆಯರೊಬ್ಬರು ಆಕ್ಷೇಪವೆತ್ತಬಹುದು: ಕುಟುಂಬಪ್ರೇಮದಿಂದಲೇ ಅಲ್ಲವೇ ನಮ್ಮ ರಾಜಕೀಯ ಕೆಟ್ಟಿರುವುದು? ಮಗನಿಗೊಂದು ಟಿಕೆಟ್ಟು, ಅಳಿಯನಿಗೊಂದು ಗುತ್ತಿಗೆ. ನಿಜ. ಆದರೆ ಅದು ಮನೆಯ ಮೇಲಿನ ಪ್ರೀತಿಯಲ್ಲ, ಮನೆಗೆ ಊರನ್ನು ಬರೆದುಕೊಡುವುದು. ಕಾರ್ಟರರ ಮಗ 2006ರಲ್ಲಿ ನೆವಾಡದಿಂದ ಸೆನೆಟ್ಟಿಗೂ, ಮೊಮ್ಮಗ 2014ರಲ್ಲಿ ಜಾರ್ಜಿಯಾದ ರಾಜ್ಯಪಾಲ ಪದವಿಗೂ ನಿಂತು ಇಬ್ಬರೂ ಸೋತರು. ಅಧ್ಯಕ್ಷಗಿರಿಯಲ್ಲಿ ಕಾರ್ಟರರ ಸೋಲುಗಳೂ ಸಣ್ಣವಲ್ಲ. ಇರಾನಿನಲ್ಲಿ 52 ಮಂದಿ 444 ದಿನ ಸೆರೆಯಲ್ಲಿದ್ದರು. ಅವರನ್ನು ಬಿಡಿಸಲು ಹೋದ ಎಂಟು ಸೈನಿಕರು 1980ರಲ್ಲಿ ಮಡಿದರು. ಮನೆ ಚೆನ್ನಾಗಿತ್ತೆಂದು ಈ ಲೆಕ್ಕ ತೀರುವುದಿಲ್ಲ.

ಆದರೆ ಸೋತು ಮರಳಲು ಅವರಿಗೊಂದು ಮನೆಯಿತ್ತು. ಪ್ಲೇನ್ಸಿನಲ್ಲಿ 1961ರಲ್ಲಿ ಕಟ್ಟಿಸಿದ್ದ ಅದೇ ಸಾಧಾರಣ ಮನೆ. ಅಲ್ಲಿಂದಲೇ ಗಂಡಹೆಂಡಿರು ಆಫ್ರಿಕದ ಹಳ್ಳಿಗಳಿಗೆ ಹೋಗಿ, ಕುಡಿಯುವ ನೀರಿನಿಂದ ಬರುವ ನಾರುಹುಣ್ಣಿನ ವಿರುದ್ಧ ದುಡಿದರು. ನಮ್ಮ ಕರ್ನಾಟಕದ ಹಳ್ಳಿಗಳನ್ನೂ ಕಾಡಿದ್ದ ರೋಗವಿದು. ನಮ್ಮ ದೇಶ ತನ್ನದೇ ಯೋಜನೆಯಿಂದ ದುಡಿದು 2000ದಲ್ಲಿ ಇದರಿಂದ ಮುಕ್ತವಾಯಿತು. ಲೋಕದಲ್ಲಿ 1986ರಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಈ ಹುಣ್ಣು 2024ರಲ್ಲಿ ಕಂಡುಬಂದದ್ದು 15 ಮಂದಿಯಲ್ಲಿ. ಮನೆಯನ್ನು ಮರೆತವರಿಂದಲೇ ಲೋಕಸೇವೆ ಎನ್ನುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

2023ರ ನವೆಂಬರ್ 19ರಂದು ರೋಸಲಿನ್ ತೀರಿಕೊಂಡರು. ಎಪ್ಪತ್ತೇಳು ವರ್ಷಗಳ ದಾಂಪತ್ಯ. ಒಂಬತ್ತು ದಿನಗಳ ಮೇಲೆ ಅಟ್ಲಾಂಟಾದಲ್ಲಿ ನಡೆದ ಪ್ರಾರ್ಥನಾಸಭೆಗೆ, ತಾವೂ ಕೊನೆಯ ದಿನಗಳನ್ನೆಣಿಸುತ್ತಿದ್ದ ಕಾರ್ಟರರು ಗಾಲಿಕುರ್ಚಿಯಲ್ಲಿ ಬಂದರು. ಮೈಮೇಲೆ ಹೊದಿಕೆ. ಮಾತಾಡುವ ಶಕ್ತಿಯಿರಲಿಲ್ಲ. ಮಗಳು ಏಮಿ ಎದ್ದು, ತಂದೆಯ ಪರವಾಗಿ ಒಂದು ಕಾಗದವನ್ನು ಓದಿದರು. ಎಪ್ಪತ್ತೈದು ವರ್ಷಗಳ ಹಿಂದೆ, ನೌಕಾದಳದಲ್ಲಿದ್ದಾಗ, ಹೆಂಡತಿಯನ್ನು ಅಗಲಿದ್ದ ಅಧಿಕಾರಿ ಮನೆಗೆ ಬರೆದಿದ್ದ ಕಾಗದವದು.