ಹರೆಯದ ಜೋಡಿ ನಾಯಿ, ಒಂದೇ ಅಂಗಳ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ನಾಯಿಮರಿಯ ವಿಷಯದಲ್ಲಿ ಈ ಮಾತನ್ನು ನೆನೆಯುವವರು ಕಡಿಮೆ. ಎರಡು ತಿಂಗಳ ಮರಿ ಏನು ಮಾಡಿದರೂ ಚೆಂದ. ಚಪ್ಪಲಿ ಕಚ್ಚಿದರೆ ನಗು, ಲಂಗ ಹಿಡಿದು ಎಳೆದರೆ ಮುದ್ದು. ಅದೇ ಮರಿ ಎಂಟು ತಿಂಗಳಿಗೆ ಸೊಂಟದೆತ್ತರ ಬೆಳೆದು, ಒಣಹಾಕಿದ ಬಟ್ಟೆ ಹರಿದು, ನೀರಿನ ಕೊಡ ಉರುಳಿಸಿ, ಪರೀಕ್ಷೆಯ ಪುಸ್ತಕವನ್ನು ಚೂರು ಮಾಡಿದಾಗ ಮನೆಯವರು ತಲೆಯ ಮೇಲೆ ಕೈಹೊತ್ತು ಕೂಡುತ್ತಾರೆ. ಅಂಥವು ಒಂದಲ್ಲ, ಎರಡಿದ್ದರೆ?

ಬೀದರ್ ಜಿಲ್ಲೆಯ ಡಾಬಕಾ, ಔರಾದ್, ಭಾಲ್ಕಿ ಸೀಮೆಯಲ್ಲಿ ನಾಯಿ ಎಂದರೆ ಹೊಲ, ಮನೆ, ಕುರಿ ಕಾಯುವ ಜೊತೆಗಾರ. ತೊಗರಿ, ಉದ್ದು, ಸೋಯಾ ಬೆಳೆಯುವ ಈ ಬಯಲು ನಾಡಿನಲ್ಲಿ ಉದ್ದ ಕಾಲಿನ, ತೆಳು ಮೈಯ ಬೇಟೆನಾಯಿಗೆ ಹಿಂದಿನಿಂದಲೂ ಬೆಲೆಯಿದೆ. ಅವುಗಳಲ್ಲಿ ಹೆಸರಾದದ್ದು ಮುಧೋಳ ನಾಯಿ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಇದನ್ನೇ ಕಾರವಾನಿ ಎನ್ನುತ್ತಾರೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಈ ನಾಯಿಗಳ ಜೋಡಿಯೊಂದನ್ನು ಕಾಣಿಕೆ ಕೊಟ್ಟ ಸಂಗತಿ ಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರತಂದಿತು. 2016ರಲ್ಲಿ ಭಾರತೀಯ ಸೇನೆ ಮುಧೋಳ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಕರೆದೊಯ್ಯಿತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿರುವ ಈ ತಳಿಯ ಸಂಶೋಧನಾ ಕೇಂದ್ರ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹೀಗಾಗಿ ಈ ನಾಯಿಯ ವಿದ್ಯಾಮೂಲ ಬೀದರಿನವರ ಬಾಗಿಲಲ್ಲೇ ಇದೆ.

ಮರಿ ತರಲು ಹೋದವರು ಒಂದರ ಬದಲು ಎರಡು ತರುವುದುಂಟು. ‘ಒಂದಕ್ಕೊಂದು ಜೊತೆಯಾಗುತ್ತವೆ, ಮನೆಯವರಿಗೆ ಕಾಟ ಕಡಿಮೆ’ ಎಂಬುದು ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ಜೊತೆಯಾಗುವುದು ನಿಜ, ಆದರೆ ಆ ಜೊತೆ ಎಷ್ಟು ಗಟ್ಟಿಯಾಗಬಹುದೆಂದರೆ, ಮನುಷ್ಯರ ಮಾತು ಎರಡಕ್ಕೂ ಬೇಡವಾಗುತ್ತದೆ. ಆಟ, ಜಗಳ, ನಿದ್ದೆ ಎಲ್ಲವೂ ತಮ್ಮೊಳಗೇ ಸಿಗುವಾಗ ಯಜಮಾನ ಕರೆದರೆ ತಿರುಗಿ ನೋಡುವ ಗರಜು ಅವಕ್ಕೇನು? ಒಂದು ಗುಂಡಿ ತೋಡಿದರೆ ಇನ್ನೊಂದೂ ತೋಡುತ್ತದೆ. ಒಂದು ಬೊಗಳಿದರೆ ಕಾರಣ ತಿಳಿಯದಿದ್ದರೂ ಇನ್ನೊಂದು ದನಿಗೂಡಿಸುತ್ತದೆ. ಕಡೆಯ ಬೆಂಚಿನಲ್ಲಿ ಒಟ್ಟಿಗೆ ಕೂತ ಗೆಳೆಯರಿಬ್ಬರನ್ನು ಕಂಡ ಯಾವ ಮಾಸ್ತರರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ವಯಸ್ಸಿನ ಮಾತು. ಆರು ತಿಂಗಳಿನಿಂದ ಸುಮಾರು ಒಂದೂವರೆ ವರ್ಷದವರೆಗೆ ನಾಯಿಗೆ ಹರೆಯ. ಮೈ ಬೆಳೆದಿರುತ್ತದೆ, ಬುದ್ಧಿ ಇನ್ನೂ ಮಾಗಿರುವುದಿಲ್ಲ. ಬ್ರಿಟನ್ನಿನ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನೆಯತಕ್ಕದ್ದು. ಅಂಧರಿಗೆ ದಾರಿ ತೋರಿಸಲು ತಯಾರಾಗುತ್ತಿದ್ದ ನಾಯಿಗಳನ್ನು ಅವರು ಐದನೇ ತಿಂಗಳಲ್ಲೊಮ್ಮೆ, ಎಂಟನೇ ತಿಂಗಳಲ್ಲೊಮ್ಮೆ ಪರೀಕ್ಷಿಸಿದರು. ‘ಕೂಡು’ ಎಂಬ ಆಜ್ಞೆಯನ್ನು ಐದು ತಿಂಗಳಲ್ಲಿ ಚೆನ್ನಾಗಿ ಪಾಲಿಸುತ್ತಿದ್ದ ನಾಯಿಗಳು ಎಂಟು ತಿಂಗಳಿಗೆ ಕಿವುಡಾಗಿದ್ದವು. ಸೋಜಿಗವೆಂದರೆ, ಸಾಕಿದವರ ಮಾತಿಗೆ ಮಾತ್ರ ಈ ಕಿವುಡು. ಅಪರಿಚಿತರು ಹೇಳಿದಾಗ ಅವು ಮೊದಲಿನಂತೆಯೇ ಕೂಡುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ನಡತೆ ಮತ್ತೆ ಸುಧಾರಿಸಿತ್ತು. ಅಪ್ಪ ಹೇಳಿದರೆ ಕೇಳದೆ, ಅದೇ ಮಾತನ್ನು ಟ್ಯೂಷನ್ನಿನ ಸರ್ ಹೇಳಿದರೆ ತಲೆಯಾಡಿಸುವ ಮಕ್ಕಳಿರುವ ಮನೆಗಳಿಗೆ ಇದೇನೂ ಹೊಸ ಸುದ್ದಿಯಲ್ಲ. ಇಲ್ಲಿರುವ ಪಾಠ ಇಷ್ಟೇ: ಈ ಮೊಂಡುತನ ಒಂದು ಘಟ್ಟ, ಅದು ದಾಟಿ ಹೋಗುತ್ತದೆ. ದಾಟುವವರೆಗೆ ತಾಳ್ಮೆ ಬೇಕು. ತಾಳ್ಮೆ ತಪ್ಪಿದ ಮನೆಗಳಲ್ಲಿ ನಾಯಿ ದಿನವಿಡೀ ಸರಪಳಿಯಲ್ಲಿ ಉಳಿಯುತ್ತದೆ, ಇಲ್ಲವೆ ಊರ ಹೊರಗೆ ಬೀದಿಪಾಲಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಪಾಠ ಬೇರೆ ಬೇರೆ ಆಗಬೇಕು. ಒಂದು ನಾಯಿಯನ್ನು ಕಟ್ಟಿ, ಇನ್ನೊಂದನ್ನು ಅದರ ಕಣ್ಣಿಗೆ ಬೀಳದಷ್ಟು ದೂರ ಕರೆದೊಯ್ದು ಐದೇ ಐದು ನಿಮಿಷ ಕಲಿಸಬೇಕು. ಆಮೇಲೆ ಸರದಿ ಬದಲಿಸಬೇಕು. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು. ಒಂಟಿಯಾಗಿ ಮಾತು ಕೇಳಲು ಕಲಿತ ಮೇಲಷ್ಟೇ ಎರಡನ್ನೂ ಕೂಡಿಸಿ ಪಾಠ. ಸುತ್ತಾಟವೂ ದಿನಕ್ಕೊಮ್ಮೆಯಾದರೂ ಬೇರೆಯಾಗಿರಲಿ, ಮಲಗುವ ಜಾಗವೂ ಬೇರೆಯಿರಲಿ. ಒಂದನ್ನು ಪಶು ಆಸ್ಪತ್ರೆಗೆ ಒಯ್ದಾಗ ಇನ್ನೊಂದು ಊರು ಕೇಳುವಂತೆ ಗೋಳಿಡಬಾರದೆಂದರೆ ಅಗಲಿಕೆಯ ರೂಢಿ ಚಿಕ್ಕಂದಿನಿಂದಲೇ ಆಗಬೇಕು.

ಎರಡನೆಯದು, ಒಂದು ಕೆಲಸಕ್ಕೆ ಒಂದೇ ಶಬ್ದ. ಗಡಿನಾಡಿನ ಮನೆಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಅಜ್ಜಿ ‘ಕೂಡು’ ಎನ್ನುತ್ತಾಳೆ, ಕಾಲೇಜಿನ ಮಗ ‘ಸಿಟ್’ ಎನ್ನುತ್ತಾನೆ, ಪಕ್ಕದ ಮನೆಯವರು ಮರಾಠಿಯಲ್ಲಿ ‘ಬಸ್’ ಎನ್ನುತ್ತಾರೆ, ಇನ್ನೊಬ್ಬರು ‘ಬೈಠ್’ ಎನ್ನುತ್ತಾರೆ. ಮರಾಠಿಯ ‘ಬಸ್’ ಎಂದರೆ ಕೂಡು, ಉರ್ದುವಿನ ‘ಬಸ್’ ಎಂದರೆ ಸಾಕು. ನಾಲ್ಕು ಭಾಷೆಯ ನಡುವೆ ನಾಯಿ ಬೆಪ್ಪಾಗಿ ನಿಂತರೆ ಅದನ್ನು ದಡ್ಡ ಎನ್ನುವುದು ನ್ಯಾಯವಲ್ಲ. ಮನೆಯವರೆಲ್ಲ ಕೂತು ‘ಬಾ’, ‘ಕೂಡು’, ‘ನಿಲ್ಲು’, ‘ಬಿಡು’ ಎಂಬ ನಾಲ್ಕು ಮಾತು ಗೊತ್ತುಮಾಡಿ, ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಲಿ. ಈ ಕೆಲಸ ಮಕ್ಕಳದಾಗಲಿ.

ಮೂರನೆಯದು, ಬಹುಮಾನದ ಹೊತ್ತು. ರಷ್ಯದ ಪಾವ್ಲೋವ್ ನಾಯಿಗಳ ಜೊಲ್ಲಿನ ಮೇಲೆ ನಡೆಸಿದ ಪ್ರಯೋಗ ಮನಃಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಗೊತ್ತು. ಅಮೆರಿಕದ ಥಾರ್ನ್‌ಡೈಕ್ ಹೇಳಿದ್ದು ಇನ್ನೂ ಸರಳ: ಯಾವ ಕೆಲಸದಿಂದ ಸುಖ ಸಿಗುತ್ತದೋ ಆ ಕೆಲಸ ಮರುಕಳಿಸುತ್ತದೆ. ನಾಯಿ ಕೂತ ಮರುಕ್ಷಣವೇ ಜೋಳದ ರೊಟ್ಟಿಯ ಚೂರೋ ಬೇಯಿಸಿದ ಮೊಟ್ಟೆಯ ತುಣುಕೋ ಬಾಯಿಗೆ ಬೀಳಬೇಕು. ಒಳಗೆ ಹೋಗಿ ಡಬ್ಬಿ ಹುಡುಕಿ ತರುವಷ್ಟರಲ್ಲಿ ನಾಯಿ ಎದ್ದು ಹಾರಾಡುತ್ತಿರುತ್ತದೆ. ಬಹುಮಾನ ಆ ಹಾರಾಟಕ್ಕೆ ಸಿಕ್ಕಂತಾಗುತ್ತದೆ. ಮೈಮೇಲೆ ಹಾರುವ ನಾಯಿಯನ್ನು ನೂಕಿ ಕಿರುಚಿದರೆ ಅದಕ್ಕೆ ಅದೂ ಆಟವೇ. ಬೆನ್ನು ತಿರುಗಿಸಿ ಸುಮ್ಮನೆ ನಿಂತು, ನಾಲ್ಕೂ ಕಾಲು ನೆಲಕ್ಕೆ ತಾಗಿದ ಮೇಲೆ ಸವರಿದರೆ ವಾರ ಹದಿನೈದು ದಿನದಲ್ಲಿ ಬದಲಾವಣೆ ಕಾಣುತ್ತದೆ. ಚಾಕೊಲೇಟು, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷವೆಂಬುದನ್ನು ಮಕ್ಕಳು ನೆನಪಿಡಬೇಕು.

ಹೊಡೆತದಿಂದ ನಾಯಿ ಕಲಿಯುತ್ತದೆ ಎನ್ನುವವರು ತೋಳದ ಉದಾಹರಣೆ ಕೊಡುವುದುಂಟು: ಗುಂಪಿನಲ್ಲಿ ಒಂದು ಸರದಾರ ತೋಳ, ಉಳಿದವು ಅದಕ್ಕೆ ಅಂಜಿ ನಡೆಯುತ್ತವೆ, ಯಜಮಾನನೂ ಹಾಗಿರಬೇಕು ಎಂದು. ಈ ಕಲ್ಪನೆ ಹಬ್ಬಿದ್ದು ಸ್ವಿಟ್ಜರ್ಲೆಂಡಿನ ಶೆಂಕೆಲ್ 1947ರಲ್ಲಿ ಸೆರೆಯಲ್ಲಿದ್ದ ತೋಳಗಳನ್ನು ನೋಡಿ ಬರೆದ ಪ್ರಬಂಧದಿಂದ. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಮುಂದುವರಿಸಿದರು. ಬಳಿಕ ವರ್ಷಗಟ್ಟಲೆ ಕಾಡಿನ ತೋಳಗಳನ್ನು ಹಿಂಬಾಲಿಸಿ ನೋಡಿದ ಅದೇ ಮೆಕ್ 1999ರಲ್ಲಿ ಬೇರೆ ಚಿತ್ರವನ್ನು ಮುಂದಿಟ್ಟರು. ಕಾಡಿನ ತೋಳದ ಗುಂಪೆಂದರೆ ತಂದೆ, ತಾಯಿ, ಮಕ್ಕಳ ಸಂಸಾರ. ಅಲ್ಲಿ ಹಿರಿಯರು ಮುಂದೆ ನಡೆಯುವುದು ಹೆತ್ತವರಾದ್ದರಿಂದ, ಹೊಡೆದಾಡಿ ಗೆದ್ದು ಅಲ್ಲ. ಹೊಡೆತ ತಿಂದ ನಾಯಿ ಕೋಲಿಗೆ ಅಂಜುತ್ತದೆ. ಕೋಲು ಹಿಡಿಯಲಾರದ ಮಗುವಿನ ಮೇಲೆ ಹಲ್ಲು ತೋರಿಸಿದರೆ ಅಚ್ಚರಿಯಿಲ್ಲ.

ಮುಧೋಳ ನಾಯಿಗೆ ಓಟ ಬೇಕೇ ಬೇಕು. ಬೀದರಿನ ಬೇಸಿಗೆಯಲ್ಲಿ ಅದು ಬಿಸಿಲೇರುವ ಮುನ್ನ, ಇಲ್ಲವೆ ಹೊತ್ತು ಮುಳುಗಿದ ಮೇಲೆ ಆಗಬೇಕು. ಎಲುಬು ಬಲಿಯುವವರೆಗೆ ಸೈಕಲ್ಲಿನ ಹಿಂದೆ, ಬೈಕಿನ ಹಿಂದೆ ಓಡಿಸುವುದು ಬೇಡ. ಈ ತಳಿ ಕಣ್ಣಿನಿಂದ ಬೇಟೆಯಾಡುವಂಥದು. ಓಡುವುದು ಕಂಡರೆ ಅಟ್ಟುವುದು ಅದರ ರಕ್ತದಲ್ಲಿದೆ. ಆಡಾಗಲಿ, ಕೋಳಿಯಾಗಲಿ, ಓಡುವ ಹುಡುಗನಾಗಲಿ ಅದಕ್ಕೆ ಒಂದೇ. ಜೋಡಿಯಾದಾಗಲಂತೂ ಒಂದರ ಉಮೇದು ಇನ್ನೊಂದಕ್ಕೆ ಅಂಟುತ್ತದೆ. ಬೀದರ್ ಸೀಮೆಯ ಬಯಲಲ್ಲಿ ಚಿಗರಿಗಳ ಹಿಂಡೂ ಉಂಟು. ಕೃಷ್ಣಮೃಗವೆಂದು ಪುಸ್ತಕದಲ್ಲಿ ಓದುವ ಈ ಪ್ರಾಣಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯ ರಕ್ಷಣೆಯಿದೆ. ಅದನ್ನು ಬೇಟೆಯಾಡಿದವರಿಗೆ ಮೂರರಿಂದ ಏಳು ವರ್ಷ ಸೆರೆವಾಸ. ನಾಯಿ ಬಿಟ್ಟು ಅಟ್ಟಿಸುವುದೂ ಬೇಟೆಯೇ. ಕರೆದರೆ ಬರುವುದನ್ನು ಕಲಿಯುವವರೆಗೆ ಉದ್ದನೆಯ ಹಗ್ಗ ಬಿಡದೆ ನಡೆಸುವುದು ನಾಯಿಗೂ ಯಜಮಾನನಿಗೂ ಕ್ಷೇಮ.

ಅಂಗಳದೊಳಗಿನ ಜಗಳ ಬೇರೆಯೇ ಸಂಗತಿ. ಅನ್ನದ ತಟ್ಟೆ ಎರಡಿರಲಿ, ದೂರದೂರ ಇರಲಿ, ಉಂಡಾದ ಮೇಲೆ ಎತ್ತಿಡಲಿ. ಗುರುಗುಟ್ಟುವ ಆಟಕ್ಕೂ ನಿಜವಾದ ಕಾದಾಟಕ್ಕೂ ವ್ಯತ್ಯಾಸವಿದೆ: ಆಟದಲ್ಲಿ ಸೋಲು ಗೆಲುವು ಅದಲುಬದಲಾಗುತ್ತದೆ, ಮೈ ಸಡಿಲವಾಗಿರುತ್ತದೆ. ಮೈ ಬಿಗಿದು, ಕಣ್ಣು ನೆಟ್ಟು ನಿಂತರೆ ಅದು ಕಾದಾಟ. ಆಗ ಮಕ್ಕಳು ನಡುವೆ ಕೈ ಹಾಕಕೂಡದು. ದೊಡ್ಡವರು ನೀರು ಎರಚಿ, ಕಂಬಳಿ ಎಸೆದು ಬಿಡಿಸಬೇಕು. ಜೋಡಿಯಲ್ಲಿ ಒಂದು ಹೆಣ್ಣು, ಒಂದು ಗಂಡು ಇದ್ದರೆ ಹೆಣ್ಣು ಬೆದೆಗೆ ಬರುವ ಮೊದಲೇ ಪಶುವೈದ್ಯರನ್ನು ಕಂಡು ಸಂತಾನಹರಣದ ಹೊತ್ತು ಗೊತ್ತುಮಾಡಬೇಕು. ಒಡಹುಟ್ಟಿದವೆಂಬ ಬೇಧ ನಾಯಿಗಿಲ್ಲ. ಬೆದೆಗೆ ಬಂದ ಮೇಲೆ ಎಚ್ಚರ ತಪ್ಪಿದರೆ ಸುಮಾರು 63 ದಿನಗಳಲ್ಲಿ ಮನೆ ತುಂಬ ಮರಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ರೇಬಿಸ್‌ನದು. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ತಮ್ಮ ಲಸಿಕೆಯನ್ನು ಕೊಡಿಸಿದ್ದು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೆ. ಆ ಹುಡುಗ ಬದುಕಿದ. ಅಂದಿನಿಂದ ಇಂದಿನವರೆಗೆ ಲಕ್ಷಣ ಕಾಣುವ ಮೊದಲು ಲಸಿಕೆ ಬಿದ್ದರೆ ಬದುಕು. ಲಕ್ಷಣ ಕಂಡ ಮೇಲೆ ಉಳಿದವರು ಬೆರಳೆಣಿಕೆಯಷ್ಟೇ. ನಾಯಿಗೆ ಮೂರು ತಿಂಗಳಾದಾಗ ಲಸಿಕೆ, ನಂತರ ವೈದ್ಯರು ಹೇಳಿದಂತೆ ವರ್ಷ ವರ್ಷವೂ ತಪ್ಪದೆ. ನಾಯಿ ಕಚ್ಚಿದರೆ, ಪರಚಿದರೆ, ಅದು ಮನೆಯದೇ ಆಗಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರ ಬಳಿ ಹೋಗಬೇಕು. ಖಾರದ ಪುಡಿ, ಸುಣ್ಣ, ಮಂತ್ರ ಯಾವುದೂ ಕೆಲಸಕ್ಕೆ ಬಾರದು. ಬೈಗುಳಕ್ಕೆ ಅಂಜಿ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ನಾಯಿ ಸಾಕುವ ಮನೆಯಲ್ಲಿ ‘ಏನಾದರೂ ಹೇಳು, ಬೈಯುವುದಿಲ್ಲ’ ಎಂಬ ಭರವಸೆಯನ್ನು ತಂದೆತಾಯಿ ಮೊದಲೇ ಕೊಟ್ಟಿರಬೇಕು.

ಕಡೆಯದಾಗಿ ಒಂದು ಲೆಕ್ಕ. ಚೆನ್ನಾಗಿ ಸಾಕಿದ ನಾಯಿ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಏಳನೇ ತರಗತಿಯ ಹುಡುಗಿ ಹಟ ಮಾಡಿ ತರಿಸಿದ ಜೋಡಿ, ಆಕೆ ಓದಲೆಂದು ಬೀದರಿಗೋ ಕಲಬುರಗಿಗೋ ಹೋದಾಗ ಇನ್ನೂ ನಡುಹರೆಯದಲ್ಲಿರುತ್ತದೆ. ಆಗ ಅವುಗಳ ಹೊಟ್ಟೆ, ಓಟ, ಲಸಿಕೆ ನೋಡುವವರು ಯಾರು ಎಂಬುದನ್ನು ಮರಿ ತರುವ ಮುನ್ನವೇ ಮನೆಯವರೆಲ್ಲ ಕೂತು ಮಾತಾಡಬೇಕು. ಉತ್ತರ ಒಂದು ನಾಯಿಗಷ್ಟೇ ಸಾಲುವಂತಿದ್ದರೆ ಒಂದನ್ನೇ ತರುವುದು ಜಾಣತನ. ಎರಡೂ ಆಗಲೇ ಅಂಗಳದಲ್ಲಿದ್ದರೆ ನಾಳೆ ಬೆಳಿಗ್ಗೆಯಿಂದಲೇ ಒಂದೊಂದಕ್ಕೆ ಐದು ನಿಮಿಷದ ಪಾಠ ಶುರುವಾಗಲಿ.