ಅದು ಸರೋವರವಲ್ಲ, ಹಿನ್ನೀರು

ವಾರಾಂತ್ಯ ಬಂತೆಂದರೆ ರಾಂಜಣಗಾಂವದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹುಡುಗರು ಕಾರು ಹತ್ತಿ, ಪುಣೆ ದಾಟಿ, ಮುಳಶಿಯ ಬೆಟ್ಟಗಳ ನಡುವೆ ಗಾಳ ಹಾಕಲು ಹೊರಡುತ್ತಾರೆ. ಹೋಗಲಿ. ನನ್ನ ತಕರಾರು ‘ಸರೋವರ’ ಎಂಬ ಪದದ ಮೇಲೆ. ಅನುವಾದಕ್ಕೆ ಬರುವ ರೆಸಾರ್ಟ್ ಜಾಹೀರಾತುಗಳಲ್ಲಿ ಅದು ಸದಾ ‘ಪ್ರಕೃತಿಯ ಕೊಡುಗೆ’.

ಕೊಡುಗೆಯೇ? ಅದು ಟಾಟಾ ಕಂಪನಿ ವಿದ್ಯುತ್ತಿಗಾಗಿ ಕಟ್ಟಿಸಿದ ಅಣೆಕಟ್ಟಿನ ನೀರು. 1921ರಲ್ಲಿ ಅಲ್ಲಿನ ರೈತರು ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟರು ಮುಂದೆ ನಿಂತು ಜೈಲು ಕಂಡರು. ಕೊನೆಗೆ ಊರುಗಳು ಮುಳುಗಿದವು.

ನಮಗಿದು ಹೊಸತಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯನ್ನು ಮುಳುಗಿಸಿ ತುಮರಿ ಸೀಮೆಯನ್ನು ದ್ವೀಪದಂತಾಗಿಸಿತು. ಅಲ್ಲಿಗೆ ಸೇತುವೆ ಬಂದದ್ದು 2025ರಲ್ಲಿ. ಅಷ್ಟೂ ವರ್ಷ ಲಾಂಚಿಗೆ ಕಾದವರಿಗೆ ‘ದ್ವೀಪ’ ರಜೆಯ ತಾಣವಾಗಿರಲಿಲ್ಲ.

ಪದ ಬದಲಿಸಿದರೆ ಹೊಲ ಮರಳುತ್ತದೆಯೇ ಎನ್ನುವವರಿದ್ದಾರೆ. ಮರಳುವುದಿಲ್ಲ. ಆದರೆ ‘ಸರೋವರ’ ಎಂದ ಕೂಡಲೇ ಕಟ್ಟಿದವರೂ ಮುಳುಗಿದವರೂ ಒಟ್ಟಿಗೆ ಕಾಣೆಯಾಗುತ್ತಾರೆ, ಮುಂದಿನ ಯೋಜನೆಗೆ ದಾರಿ ಸಲೀಸಾಗುತ್ತದೆ. ‘ಹಿನ್ನೀರು’ ಎನ್ನಿ: ಮುಂದೆಲ್ಲೋ ಅಣೆಕಟ್ಟು ಇದೆಯೆಂದು ಆ ಪದವೇ ಹೇಳುತ್ತದೆ. ಮೀನು ಹಿಡಿಯಿರಿ, ಫೋಟೊ ತೆಗೆಯಿರಿ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದವರಿಗೆ ಮಾತ್ರ ನಿಜ ಹೇಳಿ.